ಎಡಗಾಲಿನ ರಾಕ್ಷಸ

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವವರು ನನ್ನಿಂದ ಏನೋ ಧೈರ್ಯದ ಕೆಲಸ ಆದೀತೆಂದು ಕಾಯುತ್ತ ಕೂರುವುದು ಬೇಡ. ಹಲ್ಲಿ ಲೊಚಗುಟ್ಟಿದರೆ ಕೈಯಲ್ಲಿನ ಕತ್ತರಿ ಕೆಳಗಿಡುವವ ನಾನು. ಅಂಥ ನನ್ನನ್ನು ಒಂದು ಬೇಸಿಗೆಯಲ್ಲಿ ರಾಕ್ಷಸನನ್ನಾಗಿ ಮಾಡಿದರು.

ಆಗ ನನಗೆ ಇಪ್ಪತ್ತೋ ಇಪ್ಪತ್ತೊಂದೋ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಗದಗಿನ ಕಡೆಯ ಹಳ್ಳಿ ನಮ್ಮದು. ಊರಲ್ಲಿ ಆಗಲೇ ಮೂವರು ದರ್ಜಿಗಳಿದ್ದರು, ನಾಲ್ಕನೆಯವನಿಗೆ ಹೊಲಿಯಲು ಬಟ್ಟೆಯೇ ಇರಲಿಲ್ಲ. ನಮ್ಮ ಸೋದರಮಾವ, "ಮೊಗಲಾಯಿಗೆ ಹೋಗು. ಅಲ್ಲಿ ಹಳ್ಳ್ಯಾಗ ಇನ್ನೂ ಮಶೀನ ನೋಡಿಲ್ಲ" ಎಂದರು. ನಿಜಾಮರ ಸೀಮೆಗೆ ನಮ್ಮ ಕಡೆ ಮೊಗಲಾಯಿ ಅನ್ನುತ್ತಿದ್ದರು. ರೈಲಿನಲ್ಲಿ ಕೂತರೆ ಅರ್ಧ ದಿನವೂ ಬೇಡ, ಆದರೂ ಅದು ಪರದೇಶವೇ. ದೊರೆ ಬೇರೆ, ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ. ಕೊಪ್ಪಳ ಸ್ಟೇಶನ್ನಿನಲ್ಲಿ ಇಳಿದ ಕೂಡಲೆ ಸುಂಕದವನೊಬ್ಬ ನನ್ನ ಹೊಲಿಗೆ ಮಶೀನಿನ ಮೇಲೆ ಕೈಯಿಟ್ಟು ಉರ್ದುವಿನಲ್ಲಿ ಒಂದರ ಮೇಲೊಂದು ಪ್ರಶ್ನೆ ಕೇಳಿದ. ನನಗೆ ಬರುತ್ತಿದ್ದ ಉರ್ದು "ಜೀ ಹಾಂ" ಅಷ್ಟೇ. ಎಲ್ಲದಕ್ಕೂ ಜೀ ಹಾಂ ಅಂದೆ. "ಇದನ್ನು ಕದ್ದು ತಂದೆಯಾ?" ಅಂತಲೂ ಅದರಲ್ಲಿ ಒಂದು ಪ್ರಶ್ನೆ ಇತ್ತೆಂದು ಪಕ್ಕದಲ್ಲಿದ್ದ ಹಮಾಲ ಆಮೇಲೆ ಹೇಳಿದ. ಅವನೇ ನನ್ನ ಪರವಾಗಿ ಮಾತಾಡಿ ಬಿಡಿಸಿದ. ಆ ದಿನ ಶುರುವಾದ ನಡುಕ ಮುಂದೆ ಎರಡು ವರ್ಷ ನನ್ನ ಜೊತೆಯಲ್ಲೇ ಇತ್ತು.

ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯಲ್ಲಿ ನೆಲೆಸಿದೆ. ಅಲ್ಲಿ ಒಬ್ಬಳು ಮುದುಕಿ ಇದ್ದಳು, ಹಿಂದೆ ಮುಂದೆ ಯಾರೂ ಇಲ್ಲದವಳು. ಇಡೀ ಊರು ಅವಳನ್ನು ಆಯಿ ಅನ್ನುತ್ತಿತ್ತು. ಅವಳ ಮನೆಯ ಮುಂದಿನ ಕಟ್ಟೆಯ ಮೇಲೆ ನನ್ನ ಮಶೀನು, ಒಳಗಿನ ಪಡಸಾಲೆಯಲ್ಲಿ ನನ್ನ ಹಾಸಿಗೆ. ಆಯಿಯ ಕೈಯ ಜೋಳದ ರೊಟ್ಟಿ ತಿಂದೆ, ಊರ ಮುಂದಿನ ಮೆಟ್ಟಿಲು ಭಾವಿಯ ನೀರು ಕುಡಿದೆ. ಆ ಭಾವಿಗೆ ಎಲ್ಲರೂ ಮೆಟ್ಟಿಲು ಇಳಿದು, ಮೊಣಕಾಲುಮಟ ನೀರಲ್ಲಿ ನಿಂತು ಕೊಡ ತುಂಬುತ್ತಿದ್ದರು. ನಾನೂ ಹಾಗೆಯೇ ತುಂಬಿದೆ. ಆ ನೀರಿನ ಮಾತು ಮುಂದೆ ಬರುತ್ತದೆ.

ಒಂದು ವರ್ಷ ಕಳೆಯಿತು. ಬೇಸಿಗೆ ಬಂತು. ಹೊಲದಲ್ಲಿ ಕೆಲಸವಿಲ್ಲದ ದಿನಗಳವು. ಊರವರು ದೊಡ್ಡಾಟ ಆಡಿಸುವುದೆಂದು ನಿಶ್ಚಯಿಸಿ, ಕಲಿಸಲು ಒಬ್ಬ ಮಾಸ್ತರರನ್ನು ಕರೆಸಿದರು. ದೊಡ್ಡಾಟ ನೋಡದವರಿಗೆ ಒಂದು ಮಾತು ಹೇಳಬೇಕು: ಅದರಲ್ಲಿ ಹಾಡೂ ಇದೆ, ಮಾತೂ ಇದೆ, ಆದರೆ ಜನ ಬರುವುದು ಹೆಜ್ಜೆಗಾಗಿ. ಎತ್ತರದ ಅಟ್ಟ ಕಟ್ಟಿ, ಅದರ ಮೇಲೆ ಹಲಗೆ ಹಾಸಿ, ಗೆಜ್ಜೆ ಕಟ್ಟಿದ ಕಾಲಿನಿಂದ ಆ ಹಲಗೆಯನ್ನು ಗುದ್ದಿ ಗುದ್ದಿ ಕುಣಿಯಬೇಕು. ಮದ್ದಳೆ ಕೇಳಿದ ಪ್ರಶ್ನೆಗೆ ಕಾಲು ಉತ್ತರ ಕೊಡಬೇಕು. ಚೆನ್ನಾಗಿ ಕುಣಿದರೆ ಅರ್ಧ ಹರದಾರಿ ದೂರದ ಹೊಲದಲ್ಲಿ ಮಲಗಿದವನೂ ಎದ್ದು ಕೂರುತ್ತಾನೆ.

ಮಾಸ್ತರರು ಐವತ್ತರ ಆಸುಪಾಸಿನವರು. ಒಣಗಿದ ತೊಗರಿ ಕಟ್ಟಿಗೆಯ ಹಾಗಿದ್ದರು. ಬಲಗಾಲು ಮಡಚುತ್ತಿರಲಿಲ್ಲ. ದೇವರ ಮುಂದೆ ಕೂತರೂ ಬಲಗಾಲು ನೆಟ್ಟಗೆ ಮುಂದಕ್ಕೆ ಚಾಚಿಯೇ ಇರುತ್ತಿತ್ತು. ಅದನ್ನು ನಾನು ಸೊಕ್ಕು ಅಂದುಕೊಂಡಿದ್ದೆ. ಕೈಯಲ್ಲಿ ಯಾವಾಗಲೂ ಒಂದು ಬೆತ್ತ. ಒಂದು ಊರಿನ ಆಟ ನೋಡಿ ಮೆಚ್ಚಿದ ಇನ್ನೊಂದು ಊರಿನ ಹಿರಿಯರು ಮರುದಿನ ಬೆಳಿಗ್ಗೆ ಅವರಿಗೆ ವೀಳ್ಯ ಕೊಟ್ಟು ಮುಂದಿನ ವರ್ಷಕ್ಕೆ ಕರೆಯುವುದು ವಾಡಿಕೆ. ಅವರ ಹೆಸರು, ಅವರ ಊಟ ಎರಡೂ ಆ ವೀಳ್ಯದಲ್ಲೇ ಇತ್ತು.

ನನಗೆ ಬಂದದ್ದು ವೇಷದ ಬಟ್ಟೆ ಹೊಲಿಯುವ ಕೆಲಸ. ಕಿರೀಟ, ಭುಜಕೀರ್ತಿ ಎಲ್ಲ ಕಿನ್ನಾಳದಿಂದ ಬಂದಿದ್ದವು, ಕಟ್ಟಿಗೆಯವು, ಬಣ್ಣ ಹಚ್ಚಿದವು. ಉಳಿದ ಎಲ್ಲರ ಅಳತೆ ತೆಗೆದುಕೊಂಡೆ. ರಾಕ್ಷಸನ ಪಾತ್ರದವ ಮಾತ್ರ ಇರಲಿಲ್ಲ.

"ಅಂವ ಮರಳಿ ಅನ್ನೂ ಊರಿಗೆ ಭತ್ತದ ಕೆಲಸಕ್ಕ ಹೋಗ್ಯಾನ" ಎಂದರು ಮಾಸ್ತರರು. "ನಿನ್ನಷ್ಟ ಎತ್ತರ ಅದಾನ. ಹೊಲಿ."

ನಾನು ಕಟ್ಟೆಯ ಮೇಲೆ ನಿಂತು ನನ್ನ ಮೈಗೇ ಟೇಪು ಸುತ್ತಿಕೊಂಡು ಅಳತೆ ಹಿಡಿದೆ. ಕೆಂಪು ಮಖಮಲ್ಲಿನ ನಿಲುವಂಗಿ, ಜರಿಯ ಅಂಚು. ಹೆಮ್ಮೆಯಿಂದಲೇ ಹೊಲಿದೆ. ಸೋಮವಾರ ಎಲ್ಲ ಬಟ್ಟೆಗಳನ್ನೂ ದೇವರ ಮುಂದಿಟ್ಟು ಅರಿಷಿಣ ಕುಂಕುಮ ಹಚ್ಚಿ ಪೂಜೆ ಮಾಡಿದರು. ಗುರುವಾರ ಮರಳಿಯಿಂದ ರಾಕ್ಷಸ ಬಂದ. ಎತ್ತರವೇನೋ ನನ್ನಷ್ಟೇ ಇದ್ದ. ಅಗಲದಲ್ಲಿ ನನ್ನಂಥ ಇಬ್ಬರು ಅವನಲ್ಲಿದ್ದರು. ತೋಳು ತೂರಿಸಿದ, ಮೊಣಕೈಗೆ ನಿಂತಿತು. ಇನ್ನೊಬ್ಬ ಹಿಂದಿನಿಂದ ಎಳೆದ, ಆಗಲಿಲ್ಲ. ಗರಡಿಮನೆಯಲ್ಲಿದ್ದವರೆಲ್ಲ ನಕ್ಕರು.

"ಬಗಲಾಗ ಬಿಚ್ಚಿ ಒಂದು ಪಟ್ಟಿ ಜೋಡಿಸ್ತೀನ್ರಿ" ಎಂದೆ, ಕತ್ತರಿ ತೆಗೆದೆ.

ನಗು ನಿಂತಿತು. ಎಲ್ಲರೂ ನನ್ನ ಕೈಯನ್ನೇ ನೋಡಿದರು. ಮಾಸ್ತರರು ಬೆತ್ತದ ತುದಿಯಿಂದ ನನ್ನ ಕತ್ತರಿಯನ್ನು ಕೆಳಕ್ಕೆ ತಳ್ಳಿದರು.

"ಪೂಜಿ ಆದ ಅರಿವಿಗೆ ಕತ್ತರಿ ಹಚ್ಚತೀಯಾ?"

ಪೂಜೆಯಾದ ಬಟ್ಟೆಗೆ ಆಟ ಮುಗಿಯುವ ತನಕ ಕತ್ತರಿ, ಸೂಜಿ ಯಾವುದೂ ತಾಗುವಂತಿಲ್ಲವಂತೆ. ಅದು ನಮ್ಮ ಕಡೆ ಇದ್ದಿತೋ ಇಲ್ಲವೋ ನನಗೆ ಗೊತ್ತಿಲ್ಲ, ನಮ್ಮ ಕಡೆ ನನ್ನನ್ನು ಯಾರೂ ವೇಷ ಹೊಲಿಯಲು ಕರೆದಿರಲಿಲ್ಲ.

"ಯಾರ ಅಳತಿಗೆ ಹೊಲದೀ?"

"ನನ್ನ ಅಳತಿಗೆರಿ."

"ಹಂಗಾದ್ರ ನೀನ ಹಾಕ್ಕೋ."

ಹಾಸ್ಯ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ಹಾಸ್ಯ ಮಾಡುವವರಾಗಿರಲಿಲ್ಲ. ಅದೇ ಸಂಜೆ ನನ್ನ ಕೈಯಲ್ಲಿ ಗೆಜ್ಜೆ ಕೊಟ್ಟು ದೇವರ ಮುಂದೆ ನಿಲ್ಲಿಸಿದರು. ಗೆಜ್ಜೆ ಮುಟ್ಟಿ ಹಣೆಗೊತ್ತಿಕೊಂಡವ ಆಟ ಆಗುವ ತನಕ ಬಿಡುವಂತಿಲ್ಲ, ಬಿಟ್ಟರೆ ಊರಿಗೇ ಕೇಡು ಅನ್ನುವುದು ಅವರ ನಂಬಿಕೆ. ಮರಳಿಯಿಂದ ಬಂದವನು ದೂತನ ಪಾತ್ರ ತೆಗೆದುಕೊಂಡು ನೆಮ್ಮದಿಯಿಂದ ಮನೆಗೆ ಹೋದ. ನಾನು ರಾತ್ರಿಯಿಡೀ ಮಗ್ಗುಲು ಬದಲಿಸಿದೆ. ಓಡಿಹೋಗೋಣವೆಂದರೆ ಮಶೀನು ಹೊರುವವರು ಯಾರು? ಅದನ್ನು ಹೊರಿಸಿಕೊಂಡು ಹೋದರೂ ಕೊಪ್ಪಳದಲ್ಲಿ ಆ ಸುಂಕದವನು ಮತ್ತೆ ಎದುರಾಗುತ್ತಾನೆ.

ತಾಲೀಮು ಇಳಿಹೊತ್ತಿನಲ್ಲಿ, ಗರಡಿಮನೆಯಲ್ಲಿ. ನೆಲದಲ್ಲಿ ಒಂದು ಮೊಳ ಆಳದ ಗುಂಡಿ, ಅದರ ಮೇಲೆ ನಾಲ್ಕು ಬೇವಿನ ಹಲಗೆ. ಮಾಸ್ತರರು ಗೋಡೆಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ನೋಡುತ್ತಿರಲಿಲ್ಲ, ಕೇಳುತ್ತಿದ್ದರು. "ಹಲಗಿ ಸುಳ್ಳು ಹೇಳಂಗಿಲ್ಲ" ಅನ್ನುವುದು ಅವರ ಮಾತು. ಹಿಮ್ಮಡ ಮೊದಲು, ಆಮೇಲೆ ಅಂಗಾಲು, ಆಮೇಲೆ ಬೆರಳು. ಮೊಣಕಾಲು ಬಾಗಿರಬೇಕು, ಬೆನ್ನು ಬಾಗಬಾರದು. ಬಲಗಾಲು ಮೊದಲು, ಯಾವಾಗಲೂ ಬಲಗಾಲು. ಥೈ ಥೈ ದಿಗಿ ದಿಗಿ ಥೈ. ಇದನ್ನು ಹೇಳುವುದು ಸುಲಭ. ನನ್ನ ಕಾಲಿಗೆ ಗೊತ್ತಿದ್ದದ್ದು ಮಶೀನು ತುಳಿಯುವುದೊಂದೇ. ಅಲ್ಲಿ ಎರಡೂ ಪಾದ ಒಟ್ಟಿಗೆ ಹೋಗುತ್ತವೆ, ಒಟ್ಟಿಗೆ ಬರುತ್ತವೆ, ಕೂತೇ ಇರಬಹುದು. ಇಲ್ಲಿ ಒಂದು ಕಾಲು ಒಂದು ಮಾತಾಡಿದರೆ ಇನ್ನೊಂದು ಬೇರೆ ಮಾತಾಡಬೇಕು, ಬಾಯಿ ಮೂರನೆಯದು ಹೇಳಬೇಕು, ತಲೆಯ ಮೇಲೆ ಕಿನ್ನಾಳದ ಕಿರೀಟ. ತಪ್ಪಿದರೆ ಮಾಸ್ತರರು ಕಣ್ಣು ತೆರೆಯದೆಯೇ ಬೆತ್ತ ಬೀಸುತ್ತಿದ್ದರು. ಅದು ಸರಿಯಾಗಿ ತಪ್ಪಿದ ಕಾಲಿಗೇ ಬೀಳುತ್ತಿತ್ತು.

ಒಂದು ದಿನ ಗರಡಿಮನೆಯ ಬಾಗಿಲ ಹೊರಗೇ ನಿಂತು, ಜ್ವರ ಬರಲಪ್ಪಾ ಅಂತ ಬೇಡಿಕೊಂಡೆ. ಬರಲಿಲ್ಲ. ಒಳಗಿನಿಂದ ಮಾಸ್ತರರು, "ರಾಕ್ಷಸ ಬಾಗಲಾಗ ನಿಂತಾನ, ಯಾರಾದ್ರೂ ಕೈ ಹಿಡದು ಕರಕೊಂಡು ಬರ್ರಿ" ಎಂದರು. ಕಣ್ಣು ಮುಚ್ಚಿಕೊಂಡೇ.

ಆದರೆ ಒಂದು ಮಾತು ಮುಚ್ಚಿಡಬಾರದು. ಒಂದು ತಿಂಗಳಾದ ಮೇಲೆ ಒಂದು ಸಂಜೆ, ಹೇಗೋ ಏನೋ, ಎಂಟು ಹೆಜ್ಜೆ ಒಂದಾದ ಮೇಲೊಂದು ಸರಿಯಾಗಿ ಬಿದ್ದವು. ಹಲಗೆ ಬೇರೆಯೇ ದನಿ ಕೊಟ್ಟಿತು. ಮಾಸ್ತರರು ಒಂದು ಕಣ್ಣು ತೆರೆದರು, ನನ್ನನ್ನು ನೋಡಿದರು, ಮತ್ತೆ ಮುಚ್ಚಿದರು. ಶಭಾಷ್ ಅನ್ನಲಿಲ್ಲ. ನಾನು ಮನೆಗೆ ಹೋಗುವಾಗ ಬೀದಿಯಲ್ಲೇ ಕುಣಿದುಕೊಂಡು ಹೋದೆ, ಎದುರಿಗೆ ಬಂದ ಎಮ್ಮೆ ಬೆದರಿತು. ನನಗೆ ಹೆದರಿದ ಮೊದಲ ಜೀವ ಅದು.

ಆಟಕ್ಕೆ ಹದಿನೇಳು ದಿನ ಉಳಿದಿದ್ದಾಗ ಬಲಗಾಲಿನ ಹರಡಿನ ಗಂಟಿನ ಕೆಳಗೆ ಉರಿ ಶುರುವಾಯಿತು. ಗೆಜ್ಜೆ ತಿಕ್ಕಿದೆ ಅಂದುಕೊಂಡೆ. ಮರುದಿನ ಒಂದು ಬೊಬ್ಬೆ ಎದ್ದಿತು, ಅದರ ಮರುದಿನ ಒಡೆಯಿತು. ಆಯಿ ಕಾಲು ತನ್ನ ತೊಡೆಯ ಮೇಲಿಟ್ಟುಕೊಂಡು ತಂಬಿಗೆಯಿಂದ ತಣ್ಣೀರು ಹನಿಸಿದಳು. ಸ್ವಲ್ಪ ಹೊತ್ತಿಗೆ ಹುಣ್ಣಿನ ಬಾಯಲ್ಲಿ ಬಿಳಿಯ ನೂಲಿನ ತುದಿಯಂಥದು ಕಾಣಿಸಿತು. ನೂಲು ಅಲ್ಲಾಡಿತು.

"ನಾರು ಐತಿ ತಮ್ಮಾ" ಎಂದಳು. "ನಾರುಹುಣ್ಣು."

ಕಾಲಿನೊಳಗೆ ಮೊಳಗಟ್ಟಲೆ ಉದ್ದದ ಹುಳ. ಅದು ಭಾವಿಯ ನೀರಿನಿಂದ ಬರುತ್ತದೆಂದು, ಕುಡಿದ ಒಂದು ವರ್ಷಕ್ಕೆ ಹೊರಗೆ ಮುಖ ಹಾಕುತ್ತದೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಆಗ ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೇವರ ಸಿಟ್ಟು, ಇಲ್ಲವೇ ಹೊಲದ ಹುಲ್ಲು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಆದರೆ ಅದನ್ನು ತೆಗೆಯುವುದರಲ್ಲಿ ಆಯಿಯಷ್ಟು ನುರಿತ ಕೈ ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಕಸಬಾರಿಗೆಯ ಕಡ್ಡಿಯೊಂದನ್ನು ಮುರಿದು, ನಾರಿನ ತುದಿಯನ್ನು ಅದಕ್ಕೆ ಹತ್ತಿಯ ಎಳೆಯಿಂದ ಕಟ್ಟಿದಳು. ಎರಡು ಸುತ್ತು ಸುತ್ತಿದಳು, ಬಿಗಿ ಬಂದ ಕೂಡಲೆ ನಿಲ್ಲಿಸಿದಳು. ಕಡ್ಡಿಯನ್ನು ಕಾಲಿಗೇ ಒತ್ತಿ, ಬೆಚ್ಚಗೆ ಮಾಡಿದ ಔಡಲ ಎಲೆ ಇಟ್ಟು, ಬಟ್ಟೆ ಕಟ್ಟಿದಳು.

"ದಿನಾ ಎರಡು ಸುತ್ತು. ಗಡಿಬಿಡಿ ಮಾಡಾಂಗಿಲ್ಲ. ಎಲ್ಲಾ ಹೊರಗ ಬರಾಕ ಹದಿನೈದು ದಿನ, ಇಪ್ಪತ್ತು ದಿನ ಬೇಕು. ನಡುವ ಹರೀತಂದ್ರ ಒಳಗ ಕೀವಾಗಿ ಕಾಲು ಕಟ್ಟಿಗಿ ಆಕ್ಕತಿ. ಆ ಕಾಲು ನೆಲಕ್ಕ ಕುಟ್ಟಬ್ಯಾಡ."

"ನಾನು ಕುಣಿಯಬೇಕಲ್ಲಾ, ಆಯಿ."

ಅವಳು ಹೇಳಿದಳು: "ನಿಮ್ಮ ಮಾಸ್ತರನ ಕಾಲು ನೋಡಿಯಲ್ಲ? ಅಂವಗೂ ನಿನ್ನ ವಯಸ್ಸಿನ್ಯಾಗ ನಾರು ಆಗಿತ್ತು. ನಾನ ಸುತ್ತತಿದ್ದೆ. ಇನ್ನ ಒಂದು ಗೇಣು ಉಳಿದಿತ್ತು. ಬ್ಯಾಡ ಅಂದ್ರ ಕೇಳಲಿಲ್ಲ, ಅಟ್ಟ ಏರಿದ. ಹರೀತು. ಅವತ್ತಿಂದ ಮತ್ತ ಕುಣದಿಲ್ಲ."

ಹಾಗಾದರೆ ಅದು ಸೊಕ್ಕಾಗಿರಲಿಲ್ಲ. ನನಗೆ ಮರುಕ ಬರಬೇಕಿತ್ತು. ಬಂದದ್ದು ಹೆದರಿಕೆ. ತಾನೇ ಹುಣ್ಣಿನ ಕಾಲಿನಲ್ಲಿ ಅಟ್ಟ ಏರಿದ ಮನುಷ್ಯ ನನ್ನನ್ನು ಬಿಟ್ಟಾನೆಯೇ? "ನಾ ಕುಣದಿಲ್ಲೇನು? ನೀನೂ ಕುಣಿ" ಅನ್ನುತ್ತಾರೆ, ಅಷ್ಟೇ. ಆಟವನ್ನು ಮುಂದೂಡುವ ಹಾಗೂ ಇರಲಿಲ್ಲ. ಜನ ಸೇರಿಸಿ ಆಟ ಆಡಲು ಯಲಬುರ್ಗಾದ ಕಚೇರಿಯಿಂದ ಪರವಾನಗಿ ತರಬೇಕಿತ್ತು, ಅದರಲ್ಲಿ ಬರೆದಿದ್ದದ್ದು ಒಂದೇ ರಾತ್ರಿ. ಇನ್ನೊಬ್ಬನನ್ನು ನಿಲ್ಲಿಸೋಣವೆಂದರೆ ಆ ಹಾಳು ನಿಲುವಂಗಿ ನನಗೊಬ್ಬನಿಗೇ ಆಗುತ್ತಿತ್ತು. ಕಾಲು ಹೋದರೆ ದರ್ಜಿಗೆ ಉಳಿಯುವುದೇನು? ಮಶೀನು ತುಳಿಯುವುದು ಕಾಲಿನಿಂದ. ಊರಿಗೆ ಹೋಗಿ ಅಣ್ಣಂದಿರ ಮನೆಯ ಮೂಲೆಯಲ್ಲಿ ಕೂತು ಗುಂಡಿ ಹಚ್ಚಬೇಕು, ಸಾಯುವ ತನಕ.

"ಮಾಸ್ತರಗ ಹೇಳು" ಎಂದಳು ಆಯಿ.

"ಬ್ಯಾಡ. ನೀನೂ ಹೇಳಬ್ಯಾಡ. ನನ್ನ ಮ್ಯಾಲೆ ಆಣಿ ಮಾಡು."

ಅತ್ತೆನೆಂದು ಕಾಣುತ್ತದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

ಮರುದಿನ ಬಟ್ಟೆಯ ಮೇಲೆಯೇ ಗೆಜ್ಜೆ ಕಟ್ಟಿಕೊಂಡು ಹೋದೆ. ಮೊದಲ ಹೆಜ್ಜೆಗೇ ಕಾಲಿನೊಳಗೆ ಕಾದ ತಂತಿ ಎಳೆದಂತಾಯಿತು. ಹಲ್ಲು ಕಚ್ಚಿ ಕುಣಿದೆ. ಇನ್ನೇನು ಹರಿಯಿತು, ಈಗ ಹರಿಯಿತು ಅಂತ ಪ್ರತಿ ಥೈಗೂ ಅನಿಸುತ್ತಿತ್ತು. ಬೆವರು ಕಣ್ಣಿಗಿಳಿದು ಗೋಡೆಯೇ ಕಾಣುತ್ತಿರಲಿಲ್ಲ. ಮಾಸ್ತರರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಬೆತ್ತ ಬೀಳಲಿಲ್ಲ. ಮೂರು ದಿನ ಹೀಗೆಯೇ ನಡೆಯಿತು.

ನಾಲ್ಕನೆಯ ದಿನ, ನಾನು ಹಲಗೆ ಏರುವ ಮುಂಚೆಯೇ ಮಾಸ್ತರರು ಬೆತ್ತ ಅಡ್ಡ ಹಿಡಿದರು.

"ಇವತ್ತಿಂದ ರಾಕ್ಷಸ ಎಡಗಾಲಿಂದ ಬರ್ತಾನ."

ಮದ್ದಳೆಯವನ ಕೈ ನಿಂತಿತು. "ಮಾಸ್ತರ, ಅಟ್ಟ ಏರೂ ಮುಂದ ಎಡಗಾಲು... ಜನ ಏನಂದಾರು?"

"ನೀ ಬಾರಿಸು."

ದೊಡ್ಡಾಟದಲ್ಲಿ ಯಾವ ವೇಷವೂ ಎಡಗಾಲಿಟ್ಟು ಅಟ್ಟ ಏರುವುದಿಲ್ಲ. ಹೊಸ ಸೊಸೆ ಎಡಗಾಲಿಟ್ಟು ಹೊಸ್ತಿಲು ದಾಟಿದಷ್ಟೇ ಅಪಶಕುನ ಅದು. ಆದರೆ ನನ್ನ ತಲೆಯಲ್ಲಿ ಶಕುನ ಅಪಶಕುನ ಏನೂ ಇರಲಿಲ್ಲ. ತಿಂಗಳುಗಟ್ಟಲೆ ಹೊಡೆಸಿಕೊಂಡು ಕಲಿತದ್ದನ್ನೆಲ್ಲ ಹನ್ನೊಂದು ದಿನದಲ್ಲಿ ಉಲ್ಟಾ ಮಾಡಬೇಕೆಂಬುದೊಂದೇ ಇತ್ತು. ಎಲ್ಲ ಗುದ್ದು ಎಡಗಾಲಿಗೆ ಬಂತು. ಬಲಗಾಲು ಬರೀ ಬೆರಳಿನಿಂದ ಮುಟ್ಟಿ ಹಿಂದೆ ಸರಿಯಬೇಕು. "ಬಲಗಾಲು ಹಲಗಿ ಮುಟ್ಟಬೇಕು, ಹಲಗಿಗೆ ಗೊತ್ತಾಗಬಾರದು" ಎಂದರು. ಮೈ ಬಲಕ್ಕೆ ಹೋಗುತ್ತಿತ್ತು, ಬಾಯಿ ಎಡಕ್ಕೆ. ಬಲಗಾಲಿನ ಸದ್ದು ಒಂಚೂರು ಕೇಳಿದರೂ ಬೆತ್ತ ಬೀಳುತ್ತಿತ್ತು, ಆದರೆ ಈಗ ಬೆನ್ನಿಗೆ. ಮೊದಲಿಗಿಂತ ಜೋರಾಗಿ. "ಕತ್ತಿ ಮಗನ! ಎಡಗಾಲು! ಎಡಗಾಲು!" ಬೇರೆ ಪಾತ್ರದವರ ತಪ್ಪನ್ನು ನೋಡಿಯೂ ನೋಡದ ಹಾಗಿದ್ದವರು ನನ್ನ ಮೇಲೆ ಮಾತ್ರ ಹಾಗೆ ಬೀಳುತ್ತಿದ್ದರು. ನಾನು ಎದ್ದರೂ ಕೂತರೂ ಅವರ ದನಿಯೇ. ಕನಸಿನಲ್ಲಿ ಎಡಗಾಲು ಒದ್ದು ಗೋಡೆಗೆ ತಾಗಿ ಎಚ್ಚರಾಗುತ್ತಿತ್ತು.

ಬಲಗಾಲಿಗೆ ಆರಾಮಾಯಿತು, ನಿಜ. ದೇವರು ದೊಡ್ಡವನು ಅಂದುಕೊಂಡೆ. ಅದರಾಚೆಗೆ ನನ್ನ ಬುದ್ಧಿ ಹೋಗಲಿಲ್ಲ. ಮಾಸ್ತರರಿಗೆ ನನ್ನ ಮೇಲೆ ಯಾವುದೋ ಹಗೆ ಇದೆ ಅಂತಲೇ ನಂಬಿದೆ. ಒಂದು ಸಂಜೆ ಆಯಿಯ ಮುಂದೆ ಅವರನ್ನು ಬಾಯಿಗೆ ಬಂದಂತೆ ಬೈದೆ, ಅವರ ಇನ್ನೊಂದು ಕಾಲೂ ಸೆಟೆದುಹೋಗಲಿ ಅಂದೆ. ಅವಳು ಕಡ್ಡಿ ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ.

ಆಟದ ದಿನ ಬಂತು. ಸಂಜೆ ಆಯಿ ಕೊನೆಯ ಸಲ ಕಟ್ಟು ಬಿಚ್ಚಿದಳು. ಕಡ್ಡಿ ನೂಲು ಸುತ್ತಿದ ದಾರದುಂಡೆಯ ಹಾಗಾಗಿತ್ತು. "ಇನ್ನ ಒಂದು ಗೇಣು ಒಳಗೈತಿ" ಎಂದಳು. ಒಂದು ಗೇಣು ಅನ್ನುವ ಮಾತು ಕೇಳಿ ನನಗೆ ಮಾಸ್ತರರ ಕಾಲು ನೆನಪಾಯಿತು. ಅವಳಿಗೂ ನೆನಪಾಗಿರಬೇಕು. ಎಲೆಯ ಮೇಲೆ ಎಲೆ ಇಟ್ಟು, ಬಟ್ಟೆಯ ಮೇಲೆ ಬಟ್ಟೆ ಸುತ್ತಿ, ಅದರ ಮೇಲೆ ಗೆಜ್ಜೆ ಕಟ್ಟಿದಳು.

ಅಟ್ಟದ ಹಿಂದೆ ಪರದೆಯ ಈಚೆ ನಿಂತಾಗ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಮುಖಕ್ಕೆ ಕೆಂಪು ಬಣ್ಣ, ಕೆನ್ನೆಯವರೆಗೆ ಮೀಸೆ, ಬಾಯಲ್ಲಿ ಕೋರೆಹಲ್ಲು. ಪರದೆಯ ಆಚೆ ಜನ ಮೊರೆಯುತ್ತಿದ್ದರು. ಮದ್ದಳೆ ಎದ್ದಿತು. ಪಕ್ಕದಲ್ಲಿ ಮಾಸ್ತರರು ನಿಂತಿದ್ದರು, ಬೆತ್ತ ಊರಿಕೊಂಡು. ನನ್ನ ಕಿವಿಯ ಹತ್ತಿರ ಬಗ್ಗಿ, "ಬಲಗಾಲಿನ ಸಪ್ಪಳ ಕೇಳಿದ್ರ ಅಟ್ಟದ ಮ್ಯಾಲ ಬಂದು ಹೊಡೀತೀನಿ" ಎಂದರು. ಹೊಡೆಯುತ್ತಾರೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಪರದೆ ಸರಿಯಿತು. ಎಡಗಾಲಿಟ್ಟೆ.

ಮುಂದಿನ ಸಾಲಿನ ಹಿರಿಯರಲ್ಲಿ ಒಂದು ಗುಸುಗುಸು ಎದ್ದು ಹಿಂದಕ್ಕೆ ಹರಿಯಿತು. ನನಗೆ ಅದು ಯಾಕೆಂದು ಯೋಚಿಸುವ ಪುರಸೊತ್ತಿರಲಿಲ್ಲ. ಎಡಗಾಲು ಗುದ್ದಿತು, ಬಲಗಾಲು ಕದ್ದು ಮುಟ್ಟಿತು, ಎಡಗಾಲು ಗುದ್ದಿತು. ಬೆನ್ನ ಹಿಂದೆ ಪರದೆಯ ಸಂದಿಯಲ್ಲಿ ಆ ಬೆತ್ತ ಇದೆ ಅನ್ನುವುದೊಂದೇ ತಲೆಯಲ್ಲಿ. ರಾಕ್ಷಸ ನಕ್ಕಾಗ ಮಕ್ಕಳು ಕಿರುಚಿದರು, ಒಬ್ಬ ತಾಯಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆ ಇಡೀ ಊರಿನಲ್ಲಿ ಅವತ್ತು ಎಲ್ಲರಿಗಿಂತ ಹೆಚ್ಚು ಹೆದರಿದವನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಬೆಳಗಿನ ಜಾವ ರಾಕ್ಷಸ ಸತ್ತ. ಸತ್ತು ಬಿದ್ದಾಗ ನನಗಾದಷ್ಟು ಸಂತೋಷ ಯಾವ ರಾಕ್ಷಸನಿಗೂ ಆಗಿರಲಿಕ್ಕಿಲ್ಲ.

ಮಂಗಳಾರತಿ ಮುಗಿದು ಬೆಳಕು ಹರಿದಾಗ ನಾನು ಇನ್ನೂ ವೇಷದಲ್ಲೇ ಅಟ್ಟದ ಕಂಬಕ್ಕೆ ಒರಗಿದ್ದೆ. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಮಾಸ್ತರರು ನಿಂತಿದ್ದರು. ಕುಷ್ಟಗಿಯ ಕಡೆಯ ಒಂದು ದೊಡ್ಡ ಊರಿನ ಹಿರಿಯರು, ರುಮಾಲು ಸುತ್ತಿದವರು, ಅವರ ಎದುರಿಗೆ ಬಂದರು. ಕೈಯಲ್ಲಿ ವೀಳ್ಯದೆಲೆ, ಅಡಿಕೆ ಇದ್ದವು.

"ಮಾಸ್ತರ, ನಿಮ್ಮ ಹೆಸರು ಕೇಳಿ ಬಂದಿದ್ವಿ" ಎಂದರು ಹಿರಿಯರು. "ರಾಕ್ಷಸ ಎಡಗಾಲಿಟ್ಟು ಅಟ್ಟ ಏರ್ಯಾನಲ್ರಿ? ಆ ಹುಡುಗ ತಪ್ಪಿದನೋ, ಕಲಿಸಿದ್ದ ಹಂಗೋ?"

ಮಾಸ್ತರರು ನನ್ನ ಕಡೆ ನೋಡಲೂ ಇಲ್ಲ. "ಹುಡುಗ ತಪ್ಪಿಲ್ರಿ. ನಾನ ಹಂಗ ಕಲಿಸೀನಿ."

"ಯಾಕ್ರಿ?"

"ನನ್ನ ಮನಸ್ಸಿಗೆ ಬಂತು."

ಹಿರಿಯರು ಕೈಯಲ್ಲಿದ್ದ ವೀಳ್ಯವನ್ನು ಮತ್ತೆ ಚಂಚಿಗೆ ಹಾಕಿಕೊಂಡರು, ಚಂಚಿಯ ದಾರ ಎಳೆದರು, ನಮಸ್ಕಾರ ಮಾಡಿ ಹೊರಟರು. ನನ್ನ ಕಾಲಲ್ಲಿ ನಾರು ಇದೆ, ಅದಕ್ಕೇ ಬಲಗಾಲು ನಡೆಯಲಿಲ್ಲ ಅಂತ ನಾನು ಅಲ್ಲಿಯೇ ಒಂದು ಮಾತು ಹೇಳಿದ್ದರೆ ಹಿರಿಯರು ನಿಲ್ಲುತ್ತಿದ್ದರೋ ಏನೋ. ಆದರೆ ಹೇಳಿದರೆ ಮಾಸ್ತರರಿಗೆ ಗೊತ್ತಾಗುತ್ತದಲ್ಲ! ಹುಣ್ಣು ಮುಚ್ಚಿಟ್ಟು ಅವರ ಹಲಗೆ ಏರಿದೆನೆಂದು ಬೆತ್ತ ಬೀಸುತ್ತಾರೆ. ಹೀಗೆ ಲೆಕ್ಕ ಹಾಕಿ ಸುಮ್ಮನಿದ್ದೆ. ಕೋರೆಹಲ್ಲು ಬಾಯಲ್ಲೇ ಇತ್ತು.

ಮನೆಗೆ ಬಂದು ಬಣ್ಣ ತೊಳೆದುಕೊಂಡೆ. ಆಯಿ ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ಕಟ್ಟು ಬಿಚ್ಚಿದಳು. ನಾರು ಹರಿದಿರಲಿಲ್ಲ. ತಣ್ಣೀರು ಹನಿಸಿ ಎಳೆದಳು, ಎಳೆದಳು, ತುದಿ ಸಲೀಸಾಗಿ ಹೊರಗೆ ಬಂತು. ಕಡ್ಡಿಯನ್ನು ಒಲೆಗೆ ಹಾಕಿ ಕೈ ತೊಳೆದುಕೊಂಡು ಬಂದು ನನ್ನೆದುರು ಕೂತಳು.

"ನಿನ್ನ ಆಣಿ ಮುರದೀನಿ ತಮ್ಮಾ" ಎಂದಳು. "ಮೂರನೇ ದಿನ ಸಂಜೀಕ ಮಾಸ್ತರನ ಹತ್ರ ಹೋಗಿ ಹೇಳಿದೆ. ಅಂವಗ ಆಗಲೇ ಗೊತ್ತಿತ್ತು. ಹಲಗಿ ಹೇಳೇತಿ ಅಂದ."

ನಾನು ಬಿಚ್ಚಿಟ್ಟ ಗೆಜ್ಜೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.

"ದಿನಾ ಹಿತ್ತಲಕ್ಕ ಬರ್ತಿದ್ದ. ಎಷ್ಟು ಬಂತು ಆಯಿ, ಎಷ್ಟು ಉಳೀತು ಅಂತ ಕೇಳಿ ಹೋಗ್ತಿದ್ದ. ನಿನಗ ಗೊತ್ತೈತಿ ಅಂತ ಅವನಿಗೆ ಹೇಳೋ, ಹುಡುಗ ನಿನ್ನ ಅಂಜಿಕಿಗೆ ಸಾಯ್ತಾನ ಅಂದೆ. ಅದಕ್ಕ ಏನಂದ ಗೊತ್ತೈತೇನು? 'ಬ್ಯಾಡ ಆಯಿ. ಕಾಲಿನ ಅಂಜಿಕಿ ಹೊಕ್ಕರ ಕಾಲ ನೋಡಕೋತ ಕುಣೀತಾನ. ಕಾಲ ನೋಡಕೋತ ಕುಣದ್ರ ಹರೀತೈತಿ, ನಂದು ಹಂಗ ಹರದದ್ದು. ಅಂವಗ ನನ್ನ ಅಂಜಿಕಿನ ಇರಲಿ.' ಹಂಗಂದ."

ನಾನು ಎದ್ದು ಗರಡಿಮನೆಗೆ ಓಡಿದೆ. ಎಷ್ಟೋ ದಿನದ ಮೇಲೆ ಬಲಗಾಲನ್ನು ಧೈರ್ಯದಿಂದ ನೆಲಕ್ಕಿಟ್ಟು ಓಡಿದೆ. ಹಲಗೆಗಳನ್ನು ಎತ್ತಿ ಗೋಡೆಗೆ ಒರಗಿಸಿದ್ದರು. ಮಾಸ್ತರರು ಬೆಳಿಗ್ಗೆಯೇ ಯಾರದೋ ಗಾಡಿಯಲ್ಲಿ ಹೋದರಂತೆ. ವೀಳ್ಯ ಸಿಗದ ಊರಿನಲ್ಲಿ ಊಟಕ್ಕೆ ನಿಲ್ಲುವುದು ಅವರ ಪದ್ಧತಿಯಲ್ಲವಂತೆ.

ಆ ಮಳೆಗಾಲದಲ್ಲಿ ಗುಂಡಿ, ದಾರ ತರಲು ಕುಷ್ಟಗಿಯ ಸಂತೆಗೆ ಹೋಗಿದ್ದೆ. ಬಟ್ಟೆಯ ಅಂಗಡಿಯಲ್ಲಿ ಆ ರುಮಾಲಿನ ಹಿರಿಯರು ಕೂತಿದ್ದರು. ದಾರಿಯುದ್ದಕ್ಕೂ, ಎಷ್ಟೋ ವಾರಗಳಿಂದ, ಅವರಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಅಂಗಡಿಯವನಿಗೆ ಹೇಳುತ್ತಿದ್ದರು: ಬರುವ ಬೇಸಿಗೆಯ ಆಟಕ್ಕೆ ಬಳ್ಳಾರಿ ಕಡೆಯಿಂದ ಬೇರೆ ಮಾಸ್ತರ ಬರುತ್ತಾನೆ, ಆ ಕುಂಟ ಮಾಸ್ತರನಿಗೆ ವಯಸ್ಸಾಯಿತು, ಎಡ ಬಲ ಮರೆತಿದ್ದಾನೆ, ಈಗ ಯಾರೂ ಕರೆಯುವುದಿಲ್ಲ. ಅಂಗಡಿಯವ ನಕ್ಕ. ಹಿರಿಯರು ತಲೆ ಎತ್ತಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಬಣ್ಣವಿಲ್ಲದ ನನ್ನ ಗುರುತು ಅವರಿಗೆ ಹತ್ತಲಿಲ್ಲ.

"ಯಾವೂರಪಾ? ಏನ ಬೇಕಾಗಿತ್ತು?"

"ಏನಿಲ್ರಿ" ಎಂದೆ. "ದಾರ ಬೇಕಾಗಿತ್ತು."

ದಾರ ತೆಗೆದುಕೊಂಡು ಬಂದುಬಿಟ್ಟೆ. ಮುಂದೆ ನಲವತ್ತು ವರ್ಷ ಇದೇ ಕಾಲಿನಿಂದ ಮಶೀನು ತುಳಿದೆ, ಮಕ್ಕಳನ್ನು ಸಾಕಿದೆ, ಮದುವೆ ಮಾಡಿದೆ. ಹರಡಿನ ಕೆಳಗೆ ಜೋಳದ ಕಾಳಿನಷ್ಟು ಒಂದು ಕಲೆ ಬಿಟ್ಟರೆ ಬಲಗಾಲಿಗೆ ಏನೂ ಆಗಲಿಲ್ಲ. ಅವತ್ತು ಅಂಗಡಿಯ ಬಾಗಿಲಿನಿಂದ ಹಿರಿಯರು ಕೂತಿದ್ದ ಗಾದಿಗೆ ನಾಲ್ಕು ಹೆಜ್ಜೆ ಇತ್ತು. ಮಾಸ್ತರರು ಉಳಿಸಿಕೊಟ್ಟ ಕಾಲು ಗಟ್ಟಿಯಾಗಿಯೇ ಇತ್ತು. ನಾನು ನಡೆಯಲಿಲ್ಲ.